ಹಿಮದಲ್ಲಿ ಎರಡನೆಯವ

ಅಲೆವೂರಿನಲ್ಲಿ ಹಿಮ ಬೀಳುವುದಿಲ್ಲ. ಧನುರ್ಮಾಸದ ಬೆಳಗಿನ ಜಾವ ಗದ್ದೆಯ ಮೇಲೆ ಮಂಜು ಕವಿದು, ಅಡಿಕೆ ಸೋಗೆಯಿಂದ ಹನಿ ತೊಟ್ಟಿಕ್ಕಿ, ದೇವಸ್ಥಾನಕ್ಕೆ ಹೊರಟ ಹಿರಿಯರು ತಲೆಗೊಂದು ಬೈರಾಸು ಸುತ್ತಿಕೊಂಡರೆ ಇಲ್ಲಿನ ಮಟ್ಟಿಗೆ ಅದೇ ಕಡು ಚಳಿ. ಹತ್ತು ಗಂಟೆಗೆ ಮತ್ತೆ ಸೆಕೆ, ಬೆವರು. ಹೀಗಿದ್ದೂ ಉಡುಪಿ ಸೀಮೆ ಏಳು ಶತಮಾನಗಳಿಂದ ಹೇಳಿಕೊಂಡು ಬಂದ ಕಥೆಗಳಲ್ಲಿ ಬಹಳ ದೊಡ್ಡದು, ಒಬ್ಬನೇ ಹಿಮಬೆಟ್ಟ ಹತ್ತಿಹೋದವನ ಕಥೆ. ಆತ ಹುಟ್ಟಿದ ಪಾಜಕ ಅಲೆವೂರಿನಿಂದ ಕೆಲವೇ ಮೈಲಿ ದೂರ. ಅಲ್ಲಿ ಕುಂಜಾರುಗಿರಿಯ ದುರ್ಗಾ ದೇವಸ್ಥಾನದ ಮೆಟ್ಟಿಲು ಹತ್ತಿದವರಿಗೆ ಕಾಣುವುದು ಮುರಕಲ್ಲು, ತೆಂಗಿನ ತಲೆಗಳು, ಪಡುವಣದ ಕಡಲು. ಬಿಳಿ ಬೆಟ್ಟದ ಕಲ್ಪನೆಗೂ ಆಸ್ಪದವಿಲ್ಲದ ಊರು ಅದು.

ಹಾಗೆ ಹತ್ತಿಹೋದವರು ಮಧ್ವಾಚಾರ್ಯರು. ಅವರ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 1238ರಿಂದ 1317 ಎಂದು ಲೆಕ್ಕ ಹಾಕುತ್ತಾರೆ. ಅವರ ಬದುಕಿನ ಬಗ್ಗೆ ನಮಗಿರುವ ಹಳೆಯ ಆಕರ ‘ಸುಮಧ್ವವಿಜಯ’ ಎಂಬ 16 ಸರ್ಗಗಳ ಸಂಸ್ಕೃತ ಕಾವ್ಯ. ಬರೆದವರು ನಾರಾಯಣ ಪಂಡಿತಾಚಾರ್ಯರು. ಕಾಸರಗೋಡಿನ ಕಡೆಯ ಅದ್ವೈತಿಯಾಗಿದ್ದು, ಮಧ್ವರೊಡನೆ ದಿನಗಟ್ಟಲೆ ವಾದ ಮಾಡಿ ಕೊನೆಗೆ ಅವರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಮಗ ಇವರು. ಅಂದರೆ ಕಥೆ ಕೇಳಿದ್ದು ಕಂಡವರ ಬಾಯಿಂದ, ಬರೆದದ್ದು ಭಕ್ತನ ಕೈಯಿಂದ. ಎರಡನ್ನೂ ನೆನಪಿಟ್ಟುಕೊಂಡೇ ಅದನ್ನು ಓದಬೇಕು.

ಆ ಕಾವ್ಯದಲ್ಲಿ ಒಂಟಿ ನಡಿಗೆಯ ಮೊದಲ ಪ್ರಸಂಗ ನಡೆಯುವುದು ಉಡುಪಿಯ ಸುತ್ತಮುತ್ತಲೇ. ಅಪ್ಪ ಅಮ್ಮನೊಡನೆ ನೆಂಟರ ಮನೆಯ ಸಮಾರಂಭಕ್ಕೆ ಹೋಗಿದ್ದ ಪುಟ್ಟ ವಾಸುದೇವ (ಮಧ್ವರ ಬಾಲ್ಯದ ಹೆಸರು) ಗೌಜಿಯ ನಡುವೆ ಎಲ್ಲರ ಕಣ್ತಪ್ಪಿಸಿ ಹೊರಡುತ್ತಾನೆ. ಕಾಡುದಾರಿ ಹಿಡಿದು, ನಡುವೆ ಸಿಕ್ಕ ಗುಡಿಗಳಲ್ಲಿ ಕೈಮುಗಿದು, ಉಡುಪಿಯ ಅನಂತೇಶ್ವರನ ಎದುರು ಹೋಗಿ ನಿಲ್ಲುತ್ತಾನೆ. ದಾರಿಹೋಕರನ್ನು ಕೇಳುತ್ತ ಹುಡುಕಿಕೊಂಡು ಬಂದ ತಂದೆ, ನಮ್ಮನ್ನು ಬಿಟ್ಟು ಬಂದ ನಿನ್ನ ಜೊತೆಗೆ ಯಾರಿದ್ದರು ಎಂದು ಕೇಳುತ್ತಾರೆ. ಹುಡುಗ ತಾನು ಒಬ್ಬನೇ ಬಂದೆನೆಂದು ಒಪ್ಪುವುದೇ ಇಲ್ಲ. ದಾರಿಯುದ್ದಕ್ಕೂ ದೇವರು ಜೊತೆಗಿದ್ದ ಎನ್ನುತ್ತಾನೆ. ಮಗು ಸಿಕ್ಕಿದ ಸಂತೋಷದಲ್ಲಿದ್ದ ತಂದೆ ಆ ಉತ್ತರವನ್ನು ತರ್ಕಕ್ಕೆ ಒಡ್ಡಲು ಹೋಗಿರಲಾರರು. ಆದರೆ ಮುಂದೆ ಒಂದು ದರ್ಶನವೇ ಆ ಉತ್ತರದ ಮೇಲೆ ನಿಂತಿತು. ಮನುಷ್ಯ ನಿಜವಾಗಿ ಒಬ್ಬನೇ ಇರಲು ಸಾಧ್ಯವೇ ಎಂಬುದು ಪ್ರಶ್ನೆ.

ಆ ಪ್ರಶ್ನೆ ತೀರಾ ಗಟ್ಟಿಯಾಗಿ ಎದುರಾಗುವುದು ಬದರಿಯಲ್ಲಿ. ಗೀತೆಗೆ ಭಾಷ್ಯ ಬರೆದು ಮುಗಿಸಿದ ಮಧ್ವರು ಶಿಷ್ಯರೊಡನೆ ಅಲ್ಲಿಗೆ ಹೋಗುತ್ತಾರೆ. ಉಳಿದವರು ಮುಟ್ಟಲೂ ಅಂಜುವ ಕೊರೆಯುವ ನೀರಿನಲ್ಲಿ ನಸುಕಿಗೇ ಮೀಯುತ್ತಾರೆ. 48 ದಿನ ಕಾಷ್ಠಮೌನ, ಉಪವಾಸ. ಬಳಿಕ ಇನ್ನೂ ಮೇಲಿರುವ ವ್ಯಾಸಾಶ್ರಮಕ್ಕೆ ಒಬ್ಬರೇ ಹೊರಡುವ ನಿರ್ಧಾರ. ಮಾತಾಡುವಂತಿಲ್ಲವಾದ್ದರಿಂದ ಶಿಷ್ಯರಿಗೆ ಬರೆದು ತಿಳಿಸುತ್ತಾರೆ: ವ್ಯಾಸರನ್ನು ಕಾಣಲು ಹೋಗುತ್ತಿದ್ದೇನೆ, ಮರಳುತ್ತೇನೋ ಇಲ್ಲವೋ ಅವರೇ ಬಲ್ಲರು ಎಂಬ ಅರ್ಥದ ಬರಹ. ಓದಿದ ಶಿಷ್ಯರು ಕಂಗಾಲು. ಸತ್ಯತೀರ್ಥನೆಂಬವನಿಗೆ ತಡೆಯಲಾಗದೆ ಗುರುವಿನ ಬೆನ್ನಿಗೆ ಓಡುತ್ತಾನೆ. ಮುಂದಿನವರು ಬಂಡೆಯಿಂದ ಬಂಡೆಗೆ ನೆಗೆಯುತ್ತಿದ್ದಾರೆ, ಹಿಂದಿನವನು ಏದುಸಿರು ಬಿಡುತ್ತಿದ್ದಾನೆ. ಕೊನೆಗೆ ಮಧ್ವರು ತಿರುಗಿ ನೋಡಿ ಸುಮ್ಮನೆ ಕೈ ಬೀಸುತ್ತಾರೆ. ಆ ಬೀಸಿನ ಗಾಳಿಗೇ ಸತ್ಯತೀರ್ಥ ಕಷ್ಟಪಟ್ಟು ಏರಿದ್ದ ದಾರಿಯಷ್ಟನ್ನೂ ಗಳಿಗೆಯಲ್ಲಿ ಇಳಿದು ಜೊತೆಗಾರರ ನಡುವೆ ಬಂದು ಸೇರುತ್ತಾನೆ.

ಪವಾಡದ ಭಾಗವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಈ ಪ್ರಸಂಗದಲ್ಲಿ ಪವಾಡಕ್ಕಿಂತ ಕುತೂಹಲ ಹುಟ್ಟಿಸುವುದು ಹೊರಟವರ ಉದ್ದೇಶ. ಈಗ ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಕೇದಾರಕಂಠದ ಹಿಮಚಾರಣಕ್ಕೆ ಹೊರಡುವ ಯುವಕರು ಬೇಕಷ್ಟು. ಅವರಲ್ಲಿ ಒಂಟಿಯಾಗಿ ಹೋಗುವ ಆಸೆಯುಳ್ಳವರನ್ನು ಕೇಳಿದರೆ ‘ನನ್ನನ್ನು ನಾನು ಕಂಡುಕೊಳ್ಳಬೇಕು’ ಎಂಬ ಉತ್ತರ ಸಾಮಾನ್ಯ. ಮಧ್ವರು ಹೋದದ್ದು ತನ್ನನ್ನು ಹುಡುಕಿಕೊಂಡಲ್ಲ. ಇನ್ನೊಬ್ಬರನ್ನು ಕಾಣಲು, ಅವರ ಕಾಲ ಬುಡದಲ್ಲಿ ಕೂತು ಪಾಠ ಕೇಳಲು ಹೋದರು. ಒಂಟಿತನ ಅವರಿಗೆ ಗುರಿಯಾಗಿರಲಿಲ್ಲ, ದಾರಿ ಹಾಗಿತ್ತು ಅಷ್ಟೆ.

ಇದೇ ಬೆಟ್ಟಕ್ಕೆ ಅವರಿಗಿಂತ ಹಲವು ಶತಮಾನ ಮೊದಲು ಪಡುವಣ ಕರಾವಳಿಯಿಂದಲೇ ಇನ್ನೊಬ್ಬರು ಬಂದಿದ್ದರು. ಕಾಲಡಿಯ ಶಂಕರರು. ಬದರಿಯ ಕೆಳಗಿನ ಜ್ಯೋತಿರ್ಮಠ ಅವರ ಹೆಸರಿನದು. 32ನೆಯ ವಯಸ್ಸಿನಲ್ಲಿ ಕೇದಾರದಲ್ಲಿ ಕಣ್ಮರೆಯಾದರೆಂಬುದು ಪ್ರಬಲವಾದ ಐತಿಹ್ಯ. ಬದರಿಯ ಮುಖ್ಯ ಅರ್ಚಕ ರಾವಲ್ ಇಂದಿಗೂ ಕೇರಳದ ನಂಬೂದಿರಿಯೇ. ಹಿಮವನ್ನೇ ಕಾಣದ ನಾಡಿನ ಇಬ್ಬರು ಅದೇ ಹಿಮದ ಮುಂದೆ ನಿಂತು ಒಂದಕ್ಕೊಂದು ಎದುರಾದ ಎರಡು ಮಾತು ಹೇಳಿದರು. ಶಂಕರರ ಪ್ರಕಾರ ಪರಮಾರ್ಥದಲ್ಲಿ ಎರಡನೆಯದು ಇಲ್ಲವೇ ಇಲ್ಲ. ನಡೆಯುವವನು, ಬೆಟ್ಟ, ಹಿಮ ಎಂಬ ವಿಂಗಡಣೆ ವ್ಯವಹಾರದ ಮಟ್ಟಕ್ಕೆ ಸರಿ, ಅದರಾಚೆ ಇರುವುದು ಒಂದೇ. ಹಾಗೆ ನೋಡಿದರೆ ಏಕಾಂತ ಎಂಬುದು ಮನುಷ್ಯನ ದುಃಸ್ಥಿತಿಯಲ್ಲ, ಸತ್ಯದ ಸ್ವರೂಪವೇ ಅದು. ಮಧ್ವರು ಇದನ್ನು ಒಪ್ಪಲಿಲ್ಲ. ‘ತತ್ತ್ವಸಂಖ್ಯಾನ’ ಎಂಬ ಪುಟ್ಟ ಗ್ರಂಥದಲ್ಲಿ ಇರುವುದನ್ನೆಲ್ಲ ಮೊದಲಿಗೇ ಎರಡಾಗಿ ಹಂಚುತ್ತಾರೆ: ಸ್ವತಂತ್ರ, ಅಸ್ವತಂತ್ರ. ಸ್ವತಂತ್ರ ವಿಷ್ಣು ಒಬ್ಬನೇ. ಉಳಿದುದೆಲ್ಲ, ಜೀವನೂ ಜಡವೂ, ಅವನ ಅಧೀನ. ಜೀವ ಪ್ರತಿಬಿಂಬವಾದರೆ ಅದರೊಳಗಿನ ಬಿಂಬ ದೇವರು. ಬಿಂಬವಿಲ್ಲದ ಕಡೆ ಪ್ರತಿಬಿಂಬ ನಿಲ್ಲದು. ಆದ್ದರಿಂದ ಎಂಥ ನಿರ್ಜನ ಕಣಿವೆಯಲ್ಲೂ ಲೆಕ್ಕ ಎರಡಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಇದು ಬರೀ ಮಠದ ಜಗಲಿಯ ವಾದವೇ? ಆಳದ ಹಿಮದಲ್ಲಿ ಒಬ್ಬನೇ ನಡೆದವನ ಪಾಡು ನೋಡಿದರೆ ಹಾಗನ್ನಿಸುವುದಿಲ್ಲ.

ಹೊಸ ಹಿಮದ ಮೇಲ್ಪದರ ಗಟ್ಟಿಯಿರುವಂತೆ ಕಾಣುತ್ತದೆ. ಕಾಲಿಟ್ಟ ಒಂದು ಕ್ಷಣ ಭಾರ ತಡೆಯುತ್ತದೆ, ಮರುಕ್ಷಣ ಚರಕ್ಕೆಂದು ಒಡೆದು ಮೊಣಕಾಲಿನವರೆಗೆ, ಕೆಲವೊಮ್ಮೆ ತೊಡೆಯವರೆಗೆ ಕಾಲನ್ನು ನುಂಗುತ್ತದೆ. ಅದನ್ನು ಕಿತ್ತು ಎತ್ತುವಾಗ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬಿದ್ದು ಅದೂ ಕುಸಿಯುತ್ತದೆ. ತಂಡದಲ್ಲಾದರೆ ಮುಂದಿನವನು ದಾರಿ ತುಳಿದು ಕೊಡುತ್ತಾನೆ, ಸುಸ್ತಾದಾಗ ಹಿಂದೆ ಸರಿದು ಇನ್ನೊಬ್ಬನಿಗೆ ಬಿಡುತ್ತಾನೆ. ಒಬ್ಬನೇ ಇದ್ದರೆ ಪ್ರತಿ ಹೆಜ್ಜೆಯೂ ಮೊದಲ ಹೆಜ್ಜೆಯೇ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಸಮುದ್ರಮಟ್ಟದ ಉಡುಪಿಗೂ 3,100 ಮೀಟರ್ ಎತ್ತರದ ಬದರಿಗೂ ಎತ್ತರವೊಂದರಿಂದಲೇ ಸುಮಾರು 20 ಡಿಗ್ರಿ ಅಂತರ. ಅಕ್ಷಾಂಶ, ಗಾಳಿ, ಒದ್ದೆ ಬಟ್ಟೆ ಇವು ಬೇರೆ.

ಚಳಿಗಾಲದಲ್ಲಿ ಅಲ್ಲಿ ದೇವರೂ ಒಂದರ್ಥದಲ್ಲಿ ಒಬ್ಬನೇ. ನವೆಂಬರಿನಲ್ಲಿ ಗರ್ಭಗುಡಿಯ ಬಾಗಿಲು ಮುಚ್ಚುತ್ತದೆ. ಮಾಣಾ ಗ್ರಾಮದ ಹೆಂಗಸರು ನೇಯ್ದ ಉಣ್ಣೆಯ ಕಂಬಳಿಯನ್ನು ತುಪ್ಪದಲ್ಲಿ ಅದ್ದಿ ಮೂರ್ತಿಗೆ ಹೊದಿಸುತ್ತಾರೆ, ದೀಪ ಹಚ್ಚಿಟ್ಟು ಬರುತ್ತಾರೆ. ಉದ್ಧವ, ಕುಬೇರರ ಮೂರ್ತಿಗಳು ಪಾಂಡುಕೇಶ್ವರಕ್ಕೆ ಇಳಿಯುತ್ತವೆ, ಶಂಕರರ ಗದ್ದುಗೆ ಜೋಶಿಮಠಕ್ಕೆ. ಮಾಣಾದ ಜನರೂ ಗಂಟುಮೂಟೆ ಕಟ್ಟಿ ಕೆಳಗಿನ ಊರುಗಳಿಗೆ ಬರುತ್ತಾರೆ. ಇನ್ನು ಆರು ತಿಂಗಳ ಪೂಜೆ ದೇವತೆಗಳದ್ದು ಎಂಬ ನಂಬಿಕೆ. ಆ ನಂಬಿಕೆಯೊಳಗೆ ಬೆಟ್ಟದವರ ವಿವೇಕವೂ ಇದೆ. ಈ ಹೊತ್ತಿನಲ್ಲಿ ಮನುಷ್ಯನಿಗೆ ಇಲ್ಲಿ ಕೆಲಸವಿಲ್ಲ ಎಂಬುದನ್ನು ದೇವರ ಹೆಸರಿನಲ್ಲಿ ಹೇಳಿಟ್ಟಿದ್ದಾರೆ.

ಆದರೂ ಕೆಲಸದವರು ಉಳಿಯಬೇಕಾಗುತ್ತದೆ. 2025ರ ಫೆಬ್ರವರಿ 28ರಂದು ಮಾಣಾದ ಬಳಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಬಿಡಾರದ ಮೇಲೆ ಹಿಮಪಾತ ಬಂದು ಅಪ್ಪಳಿಸಿತು. ಸಿಕ್ಕಿಬಿದ್ದ 54 ಮಂದಿಯಲ್ಲಿ 8 ಜನ ತೀರಿಕೊಂಡರು. 46 ಮಂದಿ ಬದುಕಿದ್ದು ಸೈನಿಕರು ಮತ್ತಿತರರು ಸತತವಾಗಿ ಹಿಮ ಅಗೆದು ಅವರನ್ನು ಹೊರತೆಗೆದದ್ದರಿಂದ. ಹಿಮದಡಿ ಹೂತವನು ಬದುಕುವ ಸಂಭವ ಮೊದಲ ಕಾಲು ಗಂಟೆಯ ಬಳಿಕ ಸರ್ರನೆ ಇಳಿಯುತ್ತದೆ. ಅದಕ್ಕೇ ಹಿಮಚಾರಣಕ್ಕೆ ಹೋಗುವವರು ಮೂರು ಸಾಮಾನು ಒಯ್ಯುತ್ತಾರೆ: ಮೈಗೆ ಕಟ್ಟಿಕೊಂಡ, ಸಂಕೇತ ಕಳಿಸುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕೋಲು, ಒಂದು ಸಲಿಕೆ. ಒಬ್ಬನೇ ಹೋಗುವವನ ಚೀಲದಲ್ಲಿ ಈ ಮೂರೂ ಇದ್ದರೂ ಹೂತುಹೋದ ಗಳಿಗೆಯಲ್ಲಿ ಅವನಿಗೆ ಒಂದೂ ಒದಗುವುದಿಲ್ಲ. ಸಂಕೇತವನ್ನು ಕೇಳಿಸಿಕೊಳ್ಳಲು ಇನ್ನೊಬ್ಬ ಬೇಕು, ಕೋಲು ಚುಚ್ಚಲು ಇನ್ನೊಬ್ಬ ಬೇಕು, ಅಗೆಯಲೂ ಅವನೇ ಬೇಕು. ತಾನು ಅಸ್ವತಂತ್ರನೆಂದು ಒಪ್ಪಲು ಯಾರಿಗಾದರೂ ಶಾಸ್ತ್ರದ ಮಾತು ಸಾಲದಾದರೆ ಈ ಸಲಿಕೆಯನ್ನು ತೋರಿಸಬಹುದು.

ಹಾಗಾದರೆ ಮಧ್ವರು ಹೇಳುವ ಎರಡನೆಯವನು ಹಿಮದಲ್ಲಿ ಎಂದಾದರೂ ಕಂಡದ್ದುಂಟೇ? ಕಂಡೆವೆಂದವರು ಇದ್ದಾರೆ, ಅದೂ ಶಾಸ್ತ್ರದ ಗಾಳಿಯೇ ಸೋಕದ ಕಡೆ. 1916ರ ಮೇ ತಿಂಗಳಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಇಬ್ಬರು ಸಂಗಡಿಗರೊಡನೆ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಬೆಟ್ಟಗಳನ್ನು 36 ಗಂಟೆ ನಡೆದು ದಾಟಿದರು. ಮೂವರಲ್ಲ, ನಾಲ್ವರು ನಡೆಯುತ್ತಿದ್ದೆವು ಎಂದು ತನಗೆ ಅನ್ನಿಸಿತೆಂದು ಮುಂದೆ ಬರೆದರು. 1933ರಲ್ಲಿ ಎವರೆಸ್ಟಿನ ಉತ್ತರ ಮೈಯಲ್ಲಿ ಜೊತೆಗಾರ ಎರಿಕ್ ಶಿಪ್ಟನ್ ಹಿಂದಿರುಗಿದ ಮೇಲೆ ಫ್ರಾಂಕ್ ಸ್ಮೈಥ್ ಆಮ್ಲಜನಕದ ಸಿಲಿಂಡರ್ ಇಲ್ಲದೆ ಒಬ್ಬರೇ ಮುಂದೆ ನಡೆದರು. ಯಾರೋ ಹಗ್ಗ ಹಿಡಿದು ಜೊತೆಗೆ ಬರುತ್ತಿದ್ದಾರೆಂಬ ಭಾವನೆ ಎಷ್ಟು ಬಲವಾಗಿತ್ತೆಂದರೆ, ಜೇಬಿನಿಂದ ಪುದೀನ ಮಿಠಾಯಿಯನ್ನು ತೆಗೆದು ಮುರಿದು ಅರ್ಧವನ್ನು ಪಕ್ಕದವನಿಗೆ ಕೊಡಲು ತಿರುಗಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ತುಳುನಾಡಿನವರಿಗೆ ಇದೇನೂ ಅಚ್ಚರಿಯಲ್ಲ. ಕೋಲದ ಕೊನೆಗೆ ದೈವ ಕೊಡುವ ನುಡಿಯಲ್ಲಿ, ನಂಬಿದವರ ಬೆನ್ನ ಹಿಂದೆ ನಾನಿದ್ದೇನೆ ಎಂಬ ಅಭಯ ಇದ್ದೇ ಇರುತ್ತದೆ. ರಾತ್ರಿ ಗದ್ದೆಯ ಹುಣಿಯಲ್ಲಿ ಒಬ್ಬನೇ ಬರುವವನು ಆ ನುಡಿಯನ್ನು ನೆಚ್ಚಿಯೇ ಹೆಜ್ಜೆ ಹಾಕುತ್ತಾನೆ. ನರವಿಜ್ಞಾನಿಗಳ ವಿವರಣೆ ಬೇರೆ. ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಯೊಬ್ಬರ ಮಿದುಳಿನ ಎಡಬದಿಯ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ತಾಗಿಸಿದಾಗ, ತನ್ನ ಬೆನ್ನ ಹಿಂದೆಯೇ ಒಬ್ಬರಿದ್ದಾರೆ, ತಾನು ಮಾಡಿದಂತೆಯೇ ಮಾಡುತ್ತಿದ್ದಾರೆ ಎಂದು ಆಕೆಗೆ ಅನ್ನಿಸಿತು. ತನ್ನ ಮೈ ಎಲ್ಲಿದೆ ಎಂಬ ಮಿದುಳಿನ ಲೆಕ್ಕ ತಪ್ಪಿದಾಗ ಒಂದು ಮೈ ಎರಡಾಗಿ ತೋರುತ್ತದೆಂದು ಅವರ ವಾದ.

ವಿಜ್ಞಾನ ಹೀಗಂದ ಕೂಡಲೇ ಆಸ್ತಿಕರು ಬೇಸರಪಡಬೇಕೇ? ಇಲ್ಲಿ ಮಧ್ವರ ನಿಲುವು ಅನೇಕರು ಎಣಿಸುವುದಕ್ಕಿಂತ ಕಟ್ಟುನಿಟ್ಟು. ‘ಪ್ರಮಾಣಲಕ್ಷಣ’ದಲ್ಲಿ ಅವರು ಪ್ರತ್ಯಕ್ಷಕ್ಕೆ ಹಾಕಿದ ಷರತ್ತು, ಇಂದ್ರಿಯವೂ ವಸ್ತುವೂ ಅವುಗಳ ಸಂಬಂಧವೂ ದೋಷವಿಲ್ಲದೆ ಇರಬೇಕು ಎಂಬುದು. ಎಂಟು ಸಾವಿರ ಮೀಟರ್ ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದ ಮಿದುಳು ದೋಷವಿಲ್ಲದ್ದು ಎಂದು ಯಾರೂ ಹೇಳಲಾರರು. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಯೋಚನೆ ಮಂಕಾಗುತ್ತದೆ. ಇನ್ನೂ ಇಳಿದಾಗ ಕೆಲವರಿಗೆ ಧಗೆಯೆದ್ದಂತಾಗಿ, ಹೆಪ್ಪುಗಟ್ಟುವ ಗಾಳಿಯಲ್ಲೇ ಕೋಟು, ಅಂಗಿ ಕಳಚಿ ಎಸೆಯುತ್ತಾರೆ. ಆ ಧಗೆ ಅವರ ಪಾಲಿಗೆ ನಿಜ, ಆದರೆ ಅದು ಪ್ರಮಾಣವಲ್ಲ. ಆದ್ದರಿಂದ ಸ್ಮೈಥ್ ಮಿಠಾಯಿ ಕೊಡಲು ಹೋದ ಆಸಾಮಿಯನ್ನು ತಂದು ನಿಲ್ಲಿಸಿ ‘ಇಗೋ ಅಂತರ್ಯಾಮಿ’ ಎಂದರೆ ಮಧ್ವರ ಮಾರ್ಗದ ಒಳ್ಳೆಯ ತತ್ತ್ವವಾದಿ ಒಪ್ಪಲಾರ. ಅಂತರ್ಯಾಮಿ ಪಕ್ಕದಲ್ಲಿ ಹಗ್ಗ ಹಿಡಿದು ಬರುವವನಲ್ಲ. ಅವನು ಇದ್ದಾನೆಂಬುದಕ್ಕೆ ಆಗಮ ಪ್ರಮಾಣ, ಹಿಮಬೆಟ್ಟದ ಗುಂಗಲ್ಲ. ಸುಸ್ತಾಗದವನ ಜೊತೆಗೂ, ಮಣಿಪಾಲದ ಬಸ್ಸಿನಲ್ಲಿ ನೂಕುನುಗ್ಗಲಿನಲ್ಲಿ ನಿಂತವನ ಜೊತೆಗೂ ಅವನು ಅಷ್ಟೇ ಇದ್ದಾನೆ. ಅಂದಮೇಲೆ ದೇವರ ಸಾನ್ನಿಧ್ಯಕ್ಕಾಗಿಯೇ ಹಿಮಕ್ಕೆ ಹೋಗಬೇಕಾದ್ದಿಲ್ಲ.

ಈ ಸೂಕ್ಷ್ಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮಾರಿಸ್ ವಿಲ್ಸನ್ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಕಾದಾಡಿದ್ದ ಈ ಇಂಗ್ಲಿಷ್ ಮನುಷ್ಯನಿಗೆ ಉಪವಾಸ ಮತ್ತು ಪ್ರಾರ್ಥನೆಯ ಬಲದಿಂದ ಏನನ್ನೂ ಸಾಧಿಸಬಹುದೆಂಬ ನಂಬಿಕೆ. ಅದನ್ನು ಲೋಕಕ್ಕೆ ತೋರಿಸಲು ಎವರೆಸ್ಟನ್ನು ಒಬ್ಬನೇ ಹತ್ತುವುದಾಗಿ ಸಾರಿದ. ಪರ್ವತಾರೋಹಣದ ಅನುಭವ ಸೊನ್ನೆ. ವಿಮಾನ ಹಾರಿಸುವುದನ್ನು ಕಲಿತು 1933ರಲ್ಲಿ ಪುಟ್ಟ ವಿಮಾನದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ, ವೇಷ ಮರೆಸಿ ಟಿಬೆಟ್ಟಿಗೆ ನುಸುಳಿದ, 1934ರಲ್ಲಿ ಬೆಟ್ಟದ ಮಡಿಲಲ್ಲಿ ಸತ್ತ. ಮರುವರ್ಷ ಶಿಪ್ಟನ್ನರ ತಂಡಕ್ಕೆ ಅವನ ಶವವೂ ದಿನಚರಿಯೂ ಸಿಕ್ಕವು. ವಿಲ್ಸನ್ನನ ಧೈರ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ದೇವರು ಜೊತೆಗಿದ್ದಾನೆ ಎಂಬ ಮಾತನ್ನು ಅವನು ಹಗ್ಗದಂತೆ, ಕೊಡಲಿಯಂತೆ ಒಂದು ಸಲಕರಣೆಯೆಂದು ತಿಳಿದ. ಮಧ್ವರ ಲೆಕ್ಕದಲ್ಲಿ ಇದು ತಲೆಕೆಳಗು. ಜೀವ ದೇವರ ಅಧೀನ ಎಂದಮೇಲೆ ದೇವರನ್ನು ತನ್ನ ಯೋಜನೆಗೆ ಅಧೀನ ಮಾಡಿಕೊಳ್ಳುವುದು ಹೇಗೆ? ಮರಳುತ್ತೇನೋ ಇಲ್ಲವೋ ಎಂದು ಬರೆದಿಟ್ಟು ಹೋದ ಆಚಾರ್ಯರ ಬರಹದಲ್ಲಿ ಅಂಥ ಖಾತರಿ ಇರಲಿಲ್ಲ.

ಜೊತೆಗೆ ಜನರಿದ್ದರೂ ಖಾತರಿಯಿಲ್ಲ ಎಂಬುದನ್ನು ಕನ್ನಡಿಗರು ಈಚೆಗೆ ನೋವಿನಿಂದ ಕಂಡರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ 4,000 ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ಬೆಂಗಳೂರಿನವರು, ಹಲವರು ಪಳಗಿದ ಚಾರಣಿಗರು. 9 ಮಂದಿ ಮರಳಲಿಲ್ಲ. ಬಿರುಗಾಳಿಯಲ್ಲಿ ಕಣ್ಣೆದುರಿನ ದಾರಿಯೇ ಅಳಿಸಿಹೋದಾಗ ಗುಂಪಿನ ನಡುವಿದ್ದವನೂ ಒಂಟಿಯಾಗಬಲ್ಲ. ಬದುಕಿ ಬಂದ 13 ಮಂದಿಯ ಹಿಂದೆಯೂ ಮಾರ್ಗದರ್ಶಿಗಳು, ರಕ್ಷಣಾ ಪಡೆಯವರು, ಹೆಲಿಕಾಪ್ಟರ್ ನಡೆಸಿದವರು ಇದ್ದರು.

ಮಹಾಭಾರತ ಈ ಪ್ರಶ್ನೆಯನ್ನು ಇನ್ನೂ ಕಠೋರವಾಗಿ ಕೇಳುತ್ತದೆ. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಕನ್ನಡದ ಗಮಕ ಸಭೆಗಳಲ್ಲಿ ಮಹಾಪ್ರಸ್ಥಾನ ಅಷ್ಟಾಗಿ ಕೇಳಿಬರುವುದಿಲ್ಲ. ಹಿಮವಂತವನ್ನು ದಾಟಿ ನಡೆಯುವಾಗ ದ್ರೌಪದಿ ಬೀಳುತ್ತಾಳೆ, ಬಳಿಕ ಸಹದೇವ, ನಕುಲ, ಅರ್ಜುನ, ಭೀಮ. ಧರ್ಮರಾಯ ಒಬ್ಬೊಬ್ಬರೂ ಬಿದ್ದ ಕಾರಣ ಹೇಳುತ್ತಾನೆ, ಹಿಂತಿರುಗಿ ನೋಡದೆ ನಡೆಯುತ್ತಾನೆ. ತಮ್ಮಂದಿರಿಗಾಗಿ ನಿಲ್ಲದವನು ಸ್ವರ್ಗದ ಬಾಗಿಲಲ್ಲಿ ನಾಯಿಗಾಗಿ ನಿಲ್ಲುತ್ತಾನೆ. ಬಿದ್ದವರಿಗೆ ಇನ್ನು ತನ್ನಿಂದ ಆಗುವುದೇನೂ ಇಲ್ಲ, ನಂಬಿ ಬಂದ ಜೀವವೊಂದು ಇನ್ನೂ ಕಾಲ ಬಳಿ ಇದೆ ಎಂಬುದು ಅವನ ಸಮರ್ಥನೆ. ಒಪ್ಪುವುದು ಸುಲಭವಲ್ಲ. ಆದರೂ ಕೊನೆಗೆ ಒಬ್ಬನೇ ಉಳಿದೆನೆಂದು ಅವನು ಭಾವಿಸಲಿಲ್ಲ, ನಾಯಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡ.

ಮಾಧ್ವ ಸಂಪ್ರದಾಯದಲ್ಲಿ ಈ ಕಥೆಗೆ ಇನ್ನೊಂದು ಎಳೆ ಕೂಡುತ್ತದೆ. ಹನುಮ, ಭೀಮ, ಮಧ್ವ ಮೂವರೂ ವಾಯುವಿನ ಅವತಾರ. ಅಂದರೆ ಮಹಾಪ್ರಸ್ಥಾನದಲ್ಲಿ ಕೊನೆಯವನಾಗಿ ಬಿದ್ದವನೇ ಈ ಸಲ ಅದೇ ಸೀಮೆಯ ಹಿಮವನ್ನು ಒಬ್ಬನೇ ಹತ್ತಿ ಕ್ಷೇಮವಾಗಿ ಇಳಿದುಬಂದ. ಎರಡನೆಯ ಬದರಿ ಯಾತ್ರೆಯಲ್ಲಿ ವ್ಯಾಸರ ಅಪ್ಪಣೆ ಪಡೆದು ಅವರು ಬರೆದ ‘ಮಹಾಭಾರತ ತಾತ್ಪರ್ಯ ನಿರ್ಣಯ’ದ 32ನೆಯ, ಕಡೆಯ ಅಧ್ಯಾಯ ಪಾಂಡವರ ಸ್ವರ್ಗಾರೋಹಣದ್ದು. 1317ರ ಮಾಘ ಶುದ್ಧ ನವಮಿಯಂದು ಅನಂತೇಶ್ವರದಲ್ಲಿ ಹೂವಿನ ರಾಶಿಯೊಳಗಿಂದ ಅದೃಶ್ಯರಾಗಿ ಮತ್ತೆ ಬದರಿಗೇ ಹೋದರೆಂದು ನಂಬುವ ಭಕ್ತರು ಆ ದಿನವನ್ನು ಪುಣ್ಯತಿಥಿ ಎನ್ನುವುದಿಲ್ಲ, ಮಧ್ವನವಮಿ ಎನ್ನುತ್ತಾರೆ.

ಸಂಪ್ರದಾಯದ ಈ ಎತ್ತರದಿಂದ ಕೆಳಗಿಳಿದು, ಸಾಮಾನ್ಯನ ಪಾಲಿಗೆ ಈ ಕಥೆಯಲ್ಲಿ ಏನಿದೆ ಎಂದು ಕೇಳಿದರೆ ಗುರುವಿಗಿಂತ ಶಿಷ್ಯನೇ ಹತ್ತಿರದವನು. ಸತ್ಯತೀರ್ಥನಿಗೆ ಭಕ್ತಿ ಕಡಿಮೆಯಿರಲಿಲ್ಲ. ಉಳಿದವರು ಕೂತಲ್ಲೇ ಮರುಗುತ್ತಿದ್ದಾಗ ಬೆಟ್ಟ ಹತ್ತಿದವನು ಅವನೊಬ್ಬನೇ. ಆದರೂ ದಾರಿ ಅವನದಾಗಿರಲಿಲ್ಲ. ಕೈ ಬೀಸಿದ ಗುರುವಿನಲ್ಲಿ ತಿರಸ್ಕಾರವನ್ನು ಕಾಣುವುದು ಕಷ್ಟ, ಏಕೆಂದರೆ ಅದಿಲ್ಲದೆ ಆ ಹುಡುಗ ಅಂದಿನ ರಾತ್ರಿ ಹಿಮದಲ್ಲಿ ಉಳಿಯುತ್ತಿದ್ದ. ಇಂದಿನ ಪರ್ವತಾರೋಹಣದಲ್ಲೂ ಇಂಥ ಕೆಲಸ ಒಬ್ಬರಿಗೆ ಬರುತ್ತದೆ. 1980ರ ಆಗಸ್ಟ್ 20ರಂದು ಎವರೆಸ್ಟನ್ನು ಸಿಲಿಂಡರ್ ಇಲ್ಲದೆ ಮೊದಲ ಬಾರಿಗೆ ಒಬ್ಬರೇ ಹತ್ತಿದ ರೈನ್‌ಹೋಲ್ಡ್ ಮೆಸ್ನರ್ ಇಳಿದು ಬರುವಾಗ, ಕೆಳಗಿನ ಬಿಡಾರದಲ್ಲಿ ನೇನಾ ಹೋಲ್ಗಿನ್ ಎಂಬಾಕೆ ಕಾದು ಕೂತಿದ್ದರು. ದಾಖಲೆಯ ಪುಸ್ತಕದಲ್ಲಿ ಅದು ಏಕಾಂಗಿ ಆರೋಹಣ.

ಮಧ್ವರಿಗೆ ಬದರಿಯಲ್ಲಿ ಕಾದಿದ್ದವರು ಸತ್ಯತೀರ್ಥ ಮತ್ತು ಸಂಗಡಿಗರು. ಆಚಾರ್ಯರು ಇಳಿದುಬಂದ ಮೇಲೆ ಬ್ರಹ್ಮಸೂತ್ರಕ್ಕೆ ಭಾಷ್ಯ ಹೇಳತೊಡಗಿದರು. ಓಲೆಗರಿ, ಕಂಟ ಹಿಡಿದು ಅದನ್ನು ಬರೆದುಕೊಂಡವನು ಇದೇ ಸತ್ಯತೀರ್ಥನೆಂದು ಸುಮಧ್ವವಿಜಯ ಹೇಳುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಗುರುಗಳ ಎದುರು ಕೂತು ಪಾಠ ಹೇಳಿಸಿಕೊಳ್ಳುವುದು ಆ ಭಾಷ್ಯವನ್ನೇ.